ಎಂಟಾಣೆಗೆ ಸುಪ್ರೀಂ ಕೋರ್ಟು, ಏಕವಚನಕ್ಕೆ ಚಹಾದಂಗಡಿ

ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸು ಉಸಿರು ಬಿಡುವುದು ಕೊಟ್ಟಿಗೆಹಾರದಲ್ಲಿ. ಧರ್ಮಸ್ಥಳದ ಕಡೆಯಿಂದ ಮೇಲೆ ಬಂದವರು, ಮೂಡಿಗೆರೆ ಕಡೆಯಿಂದ ಕೆಳಗಿಳಿಯಲಿರುವವರು, ಇಲ್ಲಿ ಕವಲೊಡೆಯುವ ರಸ್ತೆ ಹಿಡಿದು ಬಾಳೂರು ದಾಟಿ ಕಳಸ, ಹೊರನಾಡಿಗೆ ಹೋಗುವವರು, ಎಲ್ಲರೂ ಹತ್ತು ನಿಮಿಷ ಇಳಿದು ನೀರುದೋಸೆ ತಿಂದು ಮೈ ಬಿಸಿ ಮಾಡಿಕೊಳ್ಳುವ ಜಾಗ ಇದು. ಆ ಹತ್ತು ನಿಮಿಷದಲ್ಲಿ ದೋಸೆಯ ಜೊತೆಗೆ ಇನ್ನೊಂದು ಸರಕೂ ಧಾರಾಳವಾಗಿ ಖರ್ಚಾಗುತ್ತದೆ. ಅದು ಕಂಡಕ್ಟರರ ಮೇಲಿನ ದೂರು. ಚಿಲ್ಲರೆ ಕೊಡಲಿಲ್ಲ, ಕೈ ತೋರಿಸಿದರೂ ನಿಲ್ಲಿಸಲಿಲ್ಲ, ಮಗುವಿನ ವಯಸ್ಸು ಕೇಳಿ ನಾಲ್ಕು ಜನರೆದುರು ಮಾನ ಕಳೆದ, ತಲೆ ನೆರೆತವರಿಗೂ 'ಏ' ಎಂದ. ಇವುಗಳಲ್ಲಿ ಬಹುಪಾಲು ಲೋಟ ಕೆಳಗಿಡುವ ಹೊತ್ತಿಗೆ ಮುಗಿದುಹೋಗುತ್ತವೆ. ಡ್ರೈವರು ಹಾರನ್ ಹೊಡೆದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಈ ವರದಿಗಾರ ಅಲ್ಲಿ ಕಂಡ ಒಂದು ಪ್ರಸಂಗ ಮಾತ್ರ ನೆನಪಿನಿಂದ ಹೋಗಿಲ್ಲ. ತೋಟದ ಕೆಲಸದ ಹಿರಿಯ ಹೆಂಗಸೊಬ್ಬರು ಸಂತೆ ಚೀಲ ಹಿಡಿದು ಬಸ್ಸಿನಿಂದ ಇಳಿದರು. ಅವರು ಇಳಿಯಬೇಕಾಗಿದ್ದದ್ದು ಎರಡು ಕಿಲೋಮೀಟರು ಹಿಂದೆ, ತೋಟದ ಗೇಟಿನ ಬಳಿ. ಕೇಳಿದ್ದಕ್ಕೆ ಕಂಡಕ್ಟರು, "ನಿನ್ನ ತೋಟಕ್ಕೆ ಅಂತ ಬಸ್ಸು ಬಿಡಿಸಿಕೊಂಡಿದೀಯಾ?" ಎಂದಿದ್ದರು. ಬಸ್ಸು ಯಾವುದು, ಯಾರದು ಎಂಬುದು ಇಲ್ಲಿ ಬೇಡ. "ದೂರು ಪುಸ್ತಕ ಕೇಳಿ ಅಮ್ಮಾ, ನಾನು ಬರೆದುಕೊಡುತ್ತೇನೆ" ಎಂದು ಪಟ್ಟಣದ ಹುರುಪಿನಲ್ಲಿ ಹೇಳಿದೆ. ಅವರು ಸೆರಗನ್ನು ತಲೆ ಮೇಲೆ ಎಳೆದುಕೊಳ್ಳುತ್ತಾ, "ಬ್ಯಾಡ ಮಗಾ, ನಾಳೆನೂ ಇವ್ನ ಬಸ್ಸಿಗೇ ಅಲ್ವಾ ನಾನು ಹತ್ತೋದು?" ಎಂದರು. ಮಳೆಯಲ್ಲಿ ಬಂದ ದಾರಿಗೇ ತಿರುಗಿ ನಡೆದರು.

ದೂರು ಕೊಡುವುದು, ಅದನ್ನು ಯಾರೋ ಕೇಳುವುದು, ಕೇಳಿ ಏನಾದರೂ ಮಾಡುವುದು ಎಂಬ ಇಡೀ ವ್ಯವಸ್ಥೆ ಎಡವುವುದು ಆ ಒಂದು ಮಾತಿನ ಮುಂದೆ. ಈ ವ್ಯವಸ್ಥೆ ಹೇಗೆ ಬೆಳೆಯಿತು, ಎಲ್ಲಿ ಕಿವಿ ಕೊಟ್ಟಿತು, ಎಲ್ಲಿ ಕಿವುಡಾಯಿತು ಎಂದು ನೋಡಿದರೆ ನಮ್ಮ ಸಾರಿಗೆಯ ಒಂದು ಬೇರೆಯೇ ಚರಿತ್ರೆ ಕಾಣುತ್ತದೆ.

ಈ ಸೀಮೆಯ ಮಟ್ಟಿಗೆ ಬಸ್ಸು ಎಂದರೆ ಮೊದಲು ಕಂಪನಿಯ ಬಸ್ಸು. ಘಾಟಿಯ ಕೆಳಗೆ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್, ಜನರ ಬಾಯಲ್ಲಿ ಸಿ.ಪಿ.ಸಿ. ಕಂಪನಿ, 1914ರಲ್ಲೇ ಬಸ್ಸು ಓಡಿಸಲು ಶುರುಮಾಡಿತ್ತು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರೆ ಮೂಡಿಗೆರೆ ಮೈಸೂರು ಸಂಸ್ಥಾನದಲ್ಲಿತ್ತು. 1956ರವರೆಗೂ ಚಾರ್ಮಾಡಿ ಘಾಟಿ ಎರಡು ಸರ್ಕಾರಗಳ ಗಡಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದಾಗ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಗ್ಯಾಸಿನಲ್ಲಿ ಓಡಿಸಿದ ಕಾಲವನ್ನು ನಮ್ಮ ಅಜ್ಜಂದಿರ ತಲೆಮಾರು ಕಂಡಿದೆ. ಏರಿನಲ್ಲಿ ಜನ ಇಳಿದು ತಳ್ಳಬೇಕಾಗುತ್ತಿತ್ತು. ತಳ್ಳಿಸುವವನೂ ತಳ್ಳುವವನೂ ಪರಿಚಿತರಾಗದೆ ವಿಧಿಯಿರಲಿಲ್ಲ.

ಖಾಸಗಿ ಬಸ್ಸಿನ ಆ ಕಾಲದಲ್ಲಿ ದೂರಿಗೆ ಕಾಗದ ಬೇಕಿರಲಿಲ್ಲ. ಪ್ರತಿ ಊರಿನಲ್ಲೂ ಬಸ್ಸಿನ ಏಜೆಂಟ್ ಇರುತ್ತಿದ್ದ. ಏಜೆಂಟನ ಹಿಂದೆ ಮಾಲೀಕ. ಕಂಡಕ್ಟರು ಕೆಟ್ಟ ಮಾತಾಡಿದರೆ ಮಾಲೀಕನ ಕಿವಿಗೆ ಅದೇ ಸಂಜೆ ಸುದ್ದಿ ಹೋಗುತ್ತಿತ್ತು. ಯಾರ ಮಾತು ಹೋಗುತ್ತಿತ್ತು ಎಂಬುದು ಬೇರೆ ವಿಷಯ. ತೋಟದ ಸಾಹುಕಾರರು ಒಂದು ಮಾತು ಅಂದರೆ ಕಂಡಕ್ಟರನಿಗೆ ಮರುದಿನ ಕೆಲಸವಿಲ್ಲ. ಅದೇ ತೋಟದ ಆಳು ಅಂದರೆ ಏಜೆಂಟ್ ನಕ್ಕು ಸುಮ್ಮನಾಗುತ್ತಿದ್ದ. ಆ ವ್ಯವಸ್ಥೆ ಚುರುಕಾಗಿತ್ತು ನಿಜ, ನ್ಯಾಯವಾಗಿತ್ತು ಎನ್ನಲಾಗದು. ಇತ್ತ ವಿಚಾರಣೆಯಿಲ್ಲದೆ ಕೆಲಸ ಕಳೆದುಕೊಂಡ ಕಂಡಕ್ಟರನ ದೂರು ಕೇಳಲು ಯಾರೂ ಇರಲಿಲ್ಲ.

ಕಾಗದದ ದೂರು ನಮಗೆ ಬಂದದ್ದು ರೈಲಿನಿಂದ. ಸ್ಟೇಷನ್ ಮಾಸ್ತರರ ಬಳಿ ದೂರು ಪುಸ್ತಕ ಇಡುವ ಪದ್ಧತಿಯನ್ನು ಬ್ರಿಟಿಷರ ರೈಲ್ವೆ ಕಂಪನಿಗಳು ತಂದವು. ಇಂತಹ ಬರಹದ ದೂರುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1909ರಲ್ಲಿ ಬಂಗಾಳದ ಓಖಿಲ್ ಚಂದ್ರ ಸೇನ್ ಎಂಬುವರು ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಬರೆದ ಪತ್ರ. ಹಲಸಿನ ಹಣ್ಣು ಹೆಚ್ಚಾಗಿ ತಿಂದು ಹೊಟ್ಟೆ ಕೆಟ್ಟು (ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ) ಅವರು ಅಹಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಬಯಲಿಗೆ ಹೋಗಿದ್ದರು. ಅಷ್ಟರಲ್ಲಿ ಗಾರ್ಡು ಸೀಟಿ ಊದಿಬಿಟ್ಟ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತ್ರ ಹಿಡಿದು ಓಡಿದ ಸೇನರು ಪ್ಲಾಟ್‌ಫಾರಂ ಮೇಲೆ ಎಲ್ಲರೆದುರು ಬಿದ್ದರು. ರೈಲು ಹೊರಟೇಹೋಯಿತು. ಗಾರ್ಡಿಗೆ ದೊಡ್ಡ ದಂಡ ಹಾಕಿ, ಇಲ್ಲವಾದರೆ ಪತ್ರಿಕೆಗಳಿಗೆ ಬರೆಯುತ್ತೇನೆ ಎಂದು ಅವರು ಎಚ್ಚರಿಸಿದರು. ಅವರ ಇಂಗ್ಲಿಷಿನ ತಪ್ಪುಗಳಿಗೆ ಇಂದಿಗೂ ಜನ ನಗುತ್ತಾರೆ, ದೆಹಲಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲೂ ಆ ಪತ್ರಕ್ಕೆ ಜಾಗ ಸಿಕ್ಕಿದೆ. ರೈಲು ಡಬ್ಬಿಗಳಲ್ಲಿ ಶೌಚಾಲಯ ಬಂದದ್ದೇ ಅದರಿಂದ ಎಂಬ ಪ್ರತೀತಿಯೂ ಇದೆ. ಆದರೆ ಆ ಪತ್ರದ ಮೂಲ ಗಾರ್ಡಿನ ವರ್ತನೆ. ಎರಡು ನಿಮಿಷ ಕಾಯಬಹುದಾಗಿದ್ದ ಮನುಷ್ಯ ಕಾಯಲಿಲ್ಲ ಎಂಬ ಸಂಕಟ.

ಇದಕ್ಕಿಂತ ಹದಿನಾರು ವರ್ಷ ಮೊದಲು, 1893ರಲ್ಲಿ, ದಕ್ಷಿಣ ಆಫ್ರಿಕದಲ್ಲಿ ಇಪ್ಪತ್ಮೂರರ ತರುಣ ಬ್ಯಾರಿಸ್ಟರ್ ಗಾಂಧಿಯವರನ್ನು ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ರೈಲಿನಿಂದ ಹೊರದಬ್ಬಿದ ಕಥೆ ಎಲ್ಲರಿಗೂ ಗೊತ್ತು. ಅವರು ಬೆಳಗಾಗುತ್ತಲೇ ಮಾಡಿದ ಕೆಲಸ ಅಷ್ಟಾಗಿ ಗೊತ್ತಿಲ್ಲ. ರೈಲ್ವೆಯ ಜನರಲ್ ಮ್ಯಾನೇಜರಿಗೆ ಉದ್ದನೆಯ ತಂತಿ ಕಳಿಸಿ ದೂರಿತ್ತರು. ಮ್ಯಾನೇಜರ್ ತನ್ನ ಸಿಬ್ಬಂದಿಯದು ತಪ್ಪಿಲ್ಲ ಎಂದೇ ಸಮರ್ಥಿಸಿಕೊಂಡ. ಆದರೂ ಗಾಂಧಿಯವರನ್ನು ಸುರಕ್ಷಿತವಾಗಿ ಮುಂದಕ್ಕೆ ಕಳಿಸುವಂತೆ ಸ್ಟೇಷನ್ ಮಾಸ್ತರನಿಗೆ ಸೂಚನೆ ಕೊಟ್ಟ. ತಪ್ಪು ಒಪ್ಪದೆ ತೊಂದರೆ ಮಾತ್ರ ನಿವಾರಿಸುವ ಈ ಉತ್ತರವನ್ನು ಯಾವ ಕಚೇರಿಯ ಮೆಟ್ಟಿಲು ಹತ್ತಿದವರೂ ಗುರುತಿಸಬಲ್ಲರು.

ರೈಲು ಚಾರ್ಲ್ಸ್‌ಟೌನ್‌ನಲ್ಲಿ ಮುಗಿದು ಅಲ್ಲಿಂದ ಮುಂದೆ ಕುದುರೆಗಾಡಿ. ಪಾರ್ಡೆಕೋಪ್ ಎಂಬಲ್ಲಿ ಆ ಗಾಡಿಯ ಮೇಲ್ವಿಚಾರಕ, ಅಂದರೆ ನಮ್ಮ ಕಂಡಕ್ಟರನಂತಹವನು, ಗಾಂಧಿಯವರನ್ನು ಕಾಲಿಡುವ ಹಲಗೆಯ ಮೇಲೆ ಕೂರಲು ಹೇಳಿದ. ಒಪ್ಪದಿದ್ದಾಗ ಹೊಡೆದ. ಆ ರಾತ್ರಿ ಸ್ಟಾಂಡರ್ಟನ್ ತಲುಪಿದ ಗಾಂಧಿ ಗಾಡಿ ಕಂಪನಿಯ ಏಜೆಂಟನಿಗೆ ನಡೆದುದನ್ನೆಲ್ಲ ಬರೆದರು. ಬಂದ ಉತ್ತರದ ಸಾರಾಂಶವನ್ನು ಅವರು ಆತ್ಮಕಥೆಯಲ್ಲಿ ಹೇಳಿದ್ದಾರೆ: ಇಲ್ಲಿಂದ ಮುಂದಿನ ಗಾಡಿ ದೊಡ್ಡದು, ಸಿಬ್ಬಂದಿಯೂ ಬೇರೆ, ದೂರಿಗೊಳಗಾದ ಆ ಮನುಷ್ಯ ನಾಳೆ ಅದರಲ್ಲಿ ಇರುವುದಿಲ್ಲ, ನಿಮಗೆ ಒಳಗೇ ಜಾಗ ಸಿಗುತ್ತದೆ. ಹೊಡೆದವನ ಮೇಲೆ ಮೊಕದ್ದಮೆ ಹೂಡುವ ಉದ್ದೇಶ ತನಗೆ ಇರಲೇ ಇಲ್ಲ ಎಂದೂ ಗಾಂಧಿ ಬರೆದಿದ್ದಾರೆ. ಅವರಿಗೆ ಬೇಕಾದದ್ದು ಮರುದಿನದ ಪ್ರಯಾಣದ ಭರವಸೆ, ಅದು ಸಿಕ್ಕಿತು. ಕೊಟ್ಟಿಗೆಹಾರದ ಆ ತಾಯಿಗೆ ಇಲ್ಲದೆ ಹೋದದ್ದು ಸರಿಯಾಗಿ ಅದೇ. ನಾಳೆಯೂ ಅದೇ ಮನುಷ್ಯ ಬರುತ್ತಾನೆ, ಏಕೆಂದರೆ ಆ ಹೊತ್ತಿಗೆ ಆ ದಾರಿಯಲ್ಲಿ ಇರುವುದೇ ಒಂದು ಬಸ್ಸು.

ಭಾರತಕ್ಕೆ ಮರಳಿದ ಮೇಲೂ ಗಾಂಧಿಯವರ ದೂರು ನಿಲ್ಲಲಿಲ್ಲ. ಮೂರನೇ ದರ್ಜೆಯ ಪ್ರಯಾಣಿಕರ ಪಾಡಿನ ಬಗ್ಗೆ 1917ರಲ್ಲಿ ಪತ್ರಿಕೆಗಳಿಗೆ ಬರೆದರು. ಅಲ್ಲಿ ಅವರು ಒಬ್ಬ ಸಿಬ್ಬಂದಿಯನ್ನು ಹಿಡಿದು ದೂರಲಿಲ್ಲ. ನೂಕುನುಗ್ಗಲು, ಕೊಳಕು, ತುಂಬಿದ ಡಬ್ಬಿಗೇ ಇನ್ನಷ್ಟು ಜನರನ್ನು ತುರುಕುವ ವ್ಯವಸ್ಥೆ, ಎಲ್ಲವನ್ನೂ ಸೇರಿಸಿ ಹೇಳಿದರು.

ನಮ್ಮಲ್ಲಿ ಬಸ್ಸಿನ ದೂರು ಕಚೇರಿಯ ಕಡತವಾದದ್ದು ಸ್ವಾತಂತ್ರ್ಯದ ನಂತರ. 12 ಸೆಪ್ಟೆಂಬರ್ 1948ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 1961ರ ಆಗಸ್ಟಿನಲ್ಲಿ ಅದು ನಿಗಮವಾಯಿತು, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ಎನಿಸಿತು. ಮಾಲೀಕನ ಜಾಗಕ್ಕೆ ಘಟಕ ವ್ಯವಸ್ಥಾಪಕ ಬಂದ, ಅವನ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ. ಇದೇ ಹೊತ್ತಿಗೆ, 1956ರಲ್ಲಿ, ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಕಂಡಕ್ಟರರಿಗೂ ಲೈಸೆನ್ಸು ಕಡ್ಡಾಯ ಮಾಡಲಾಯಿತು. ಎದೆಯ ಮೇಲಿನ ಬಿಲ್ಲೆಗೆ ಒಂದು ಸಂಖ್ಯೆ ಬಂತು. ಹೆಸರು ಗೊತ್ತಿಲ್ಲದ ಮನುಷ್ಯನ ಮೇಲೆ ದೂರು ಕೊಡಲು ಆ ಸಂಖ್ಯೆಯೇ ಹಿಡಿಕೆ. ಈಗಿರುವ 1988ರ ಕಾಯ್ದೆಯ 34ನೇ ಕಲಮಿನ ಪ್ರಕಾರ, ಕಂಡಕ್ಟರರ ಹಿಂದಿನ ನಡತೆಯ ಕಾರಣಕ್ಕೆ ಲೈಸೆನ್ಸು ನೀಡುವ ಅಧಿಕಾರಿ ಅವರನ್ನು ಒಂದು ವರ್ಷದವರೆಗೆ ಅನರ್ಹಗೊಳಿಸಬಹುದು. ಕಾರಣ ಬರೆದಿಡಬೇಕು, ಅವರ ಮಾತನ್ನೂ ಕೇಳಬೇಕು.

ನಿಗಮದೊಳಗೆ 1971ರ ನಡತೆ ಮತ್ತು ಶಿಸ್ತು ನಿಬಂಧನೆಗಳಿವೆ. ದೂರು ಬಂದರೆ ಕಂಡಕ್ಟರರಿಂದ ಸಮಜಾಯಿಷಿ ಕೇಳುತ್ತಾರೆ. ತೃಪ್ತಿಯಾಗದಿದ್ದರೆ ಆರೋಪ ಪತ್ರ, ಅದಾದ ಮೇಲೆ ವಿಚಾರಣೆ. ಖಾಸಗಿ ಮಾಲೀಕನ 'ನಾಳೆಯಿಂದ ಬರಬೇಡ' ಎಂಬ ಮಾತಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಯಾರೋ ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲಿಗೆ ಒಂದು ಸಂಸಾರದ ಅನ್ನ ಹೋಗಬಾರದು ಎಂಬ ಎಚ್ಚರ ಇದರಲ್ಲಿದೆ. ಆದರೆ ವಿಚಾರಣೆ ಎಂದಮೇಲೆ ದೂರುದಾರರೂ ಬಂದು ಹೇಳಿಕೆ ಕೊಡಬೇಕು. ಐದು ನಿಮಿಷದ ಅವಮಾನಕ್ಕಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಅದೇ ಕಂಡಕ್ಟರರ ಎದುರು ನಿಂತು ಅವರು ಆಡಿದ ಮಾತನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳುವವರು ಎಷ್ಟು ಜನ?

ದುಡ್ಡಿನ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. ಹರಿಯಾಣದ ಒಬ್ಬ ಬಸ್ ಕಂಡಕ್ಟರರು ಕೆಲವು ಪ್ರಯಾಣಿಕರಿಂದ ಹಣ ಪಡೆದು ಟಿಕೆಟ್ ಕೊಟ್ಟಿಲ್ಲ ಎಂದು ತನಿಖಾ ತಂಡ ಹಿಡಿಯಿತು. ಪ್ರಯಾಣಿಕರು ಯಾರೂ ಬರೆದುಕೊಡಲು ಒಪ್ಪಲಿಲ್ಲ, ಸಾಕ್ಷಿಗೂ ಬರಲಿಲ್ಲ. ಸಾಕ್ಷಿಯೇ ಇಲ್ಲದೆ ವಜಾ ಮಾಡಿದ್ದು ತಪ್ಪು ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದವು. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಇಲಾಖಾ ವಿಚಾರಣೆಗೆ ಕೋರ್ಟಿನ ಸಾಕ್ಷ್ಯದ ಬಿಗಿ ನಿಯಮಗಳು ಬೇಕಿಲ್ಲ, ತನಿಖಾಧಿಕಾರಿಯ ಹೇಳಿಕೆಯೇ ಸಾಕಾಗಬಹುದು ಎಂದಿತು. ನಮ್ಮದೇ ನಿಗಮದ ಇನ್ನೊಂದು ಪ್ರಕರಣ 2001ರಲ್ಲಿ ತೀರ್ಮಾನವಾಯಿತು. ಕಂಡಕ್ಟರರೊಬ್ಬರು ಸುಮಾರು 35 ಪ್ರಯಾಣಿಕರಿಂದ ತಲಾ 2 ರೂಪಾಯಿ 25 ಪೈಸೆ ಪಡೆದು 1 ರೂಪಾಯಿ 75 ಪೈಸೆಯ ಟಿಕೆಟ್ ಕೊಟ್ಟಿದ್ದರು ಎಂಬುದು ಆರೋಪ. ತಲೆಗೆ ಎಂಟಾಣೆ, ಒಟ್ಟು ಹದಿನೇಳೂವರೆ ರೂಪಾಯಿ. ಸುಪ್ರೀಂ ಕೋರ್ಟು ವಜಾ ಸರಿ ಎಂದಿತು. ಸಾರ್ವಜನಿಕ ಹಣ ಕಾಯುವವನು ಅದನ್ನು ನುಂಗಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಗಮನಿಸಬೇಕಾದದ್ದೊಂದಿದೆ. ಎಂಟಾಣೆ ದೆಹಲಿಯವರೆಗೆ ಹೋಯಿತು, 'ಏ ಮುದುಕಿ' ಎಂಬ ಮಾತು ಕೊಟ್ಟಿಗೆಹಾರದ ಚಹಾದಂಗಡಿ ದಾಟಲಿಲ್ಲ. ಹೆಚ್ಚುವರಿ ಹಣ ಚೀಲದಲ್ಲಿ ಎಣಿಕೆಗೆ ಸಿಗುತ್ತದೆ. ಮಾತು ಘಾಟಿಯ ಮೂರನೇ ತಿರುವಿಗೇ ಗಾಳಿಗೆ ಹೋಗಿರುತ್ತದೆ.

ಕಾನೂನಿನ ಒಲವೂ ಆ ಕಡೆಗೇ. ಮೋಟಾರು ವಾಹನ ಕಾಯ್ದೆಯ 178ನೇ ಕಲಮು ಕಂಡಕ್ಟರರ ಕರ್ತವ್ಯಲೋಪಕ್ಕೆ ದಂಡ ಹೇಳುತ್ತದೆ. ಹಣ ತೆಗೆದುಕೊಳ್ಳದಿರುವುದು, ಟಿಕೆಟ್ ಕೊಡದಿರುವುದು, ಕಡಿಮೆ ಬೆಲೆಯ ಟಿಕೆಟ್ ಕೊಡುವುದು ಎಂದು ಅಲ್ಲಿ ಎಣಿಸಿರುವುದೆಲ್ಲ ಟಿಕೆಟಿನ ತಪ್ಪುಗಳೇ. ನಡವಳಿಕೆಯ ಮಾತನ್ನು ರಾಜ್ಯಗಳ ನಿಯಮಗಳಿಗೆ ಬಿಡಲಾಗಿದೆ.

ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ದಿನ ಅದೇ ಅಂಗಡಿಯಲ್ಲಿ (ಕಾಫಿ ಸೀಮೆಯಾದರೂ ಕೂಲಿಯವರ, ಬಸ್ಸಿನವರ ಕೈಯಲ್ಲಿ ಇರುವುದು ಚಹಾ ಲೋಟವೇ) ಆ ಕಂಡಕ್ಟರರ ಪಕ್ಕದಲ್ಲಿ ನಿಂತು ಕೇಳಿದೆ. ಸಿಡುಕಬಹುದೆಂದು ಭಾವಿಸಿದ್ದೆ, ಸಿಡುಕಲಿಲ್ಲ. "ಸ್ಟೇಜ್ ಮುಗಿಯೋದರೊಳಗೆ ಎಲ್ಲರಿಗೂ ಟಿಕೆಟ್ ಆಗಬೇಕು ಸಾರ್. ನಿಂತವರ ಮಧ್ಯೆ ನುಗ್ಗಿಕೊಂಡು ಹೋಗಬೇಕು. ಒಬ್ಬರು ಬಿಟ್ಟುಹೋದರೆ, ಮುಂದೆ ಚೆಕಿಂಗ್‌ನವರು ಹತ್ತಿದರೆ, ಮೆಮೋ ಬರೋದು ನನಗೆ. ಕೇಳಿದ ಕಡೆಯೆಲ್ಲಾ ನಿಲ್ಲಿಸಿದರೆ ಲೇಟ್ ಯಾಕೆ ಅಂತ ಡಿಪೋದಲ್ಲಿ ಕೇಳ್ತಾರೆ. ಬಾಯಿ ಜೋರಾಯ್ತು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ" ಎಂದರು. ಒಂದು ಟಿಕೆಟ್ ತಪ್ಪಿದರೆ ಕೆಲಸ ಹೋದೀತು ಎಂಬ ಭಯದಲ್ಲಿ ದಿನವಿಡೀ ಇರುವವರ ನಾಲಿಗೆ ಎಲ್ಲಿ ಜಾರುತ್ತದೆ ಎಂದು ಊಹಿಸಲು ಮನಶ್ಶಾಸ್ತ್ರ ಓದಬೇಕಾಗಿಲ್ಲ. ಟಿಕೆಟ್ಟನ್ನು ಅಷ್ಟು ಬಿಗಿಯಾಗಿ ಕಾಯುವ ವ್ಯವಸ್ಥೆಯೇ ಒರಟು ಮಾತಿಗೂ ಒಂದು ಕಾರಣ ಎಂದು ಆ ದಿನ ಮೊದಲ ಬಾರಿ ಅನಿಸಿತು.

ಈಗ ಏಕವಚನದ ಪ್ರಶ್ನೆ. ಇಂಗ್ಲಿಷಿನಲ್ಲಿ ಈ ದೂರೇ ಹುಟ್ಟುವುದಿಲ್ಲ, ಅಲ್ಲಿ ಎಲ್ಲರೂ ಒಂದೇ. ಕನ್ನಡದಲ್ಲಿ 'ಇಳಿ' ಎಂಬುದಕ್ಕೂ 'ಇಳೀರಿ' ಎಂಬುದಕ್ಕೂ ನಡುವೆ ಒಂದು ಸಮಾಜವೇ ಇದೆ. ಮಲೆನಾಡಿನಲ್ಲಿ ಪರಿಚಿತ ಕಂಡಕ್ಟರು "ಹತ್ತು ಮಾರಾಯ್ತಿ, ಹೊತ್ತಾಯ್ತು" ಎಂದರೆ ಯಾರೂ ಬೇಸರಪಡುವುದಿಲ್ಲ. ಅದು ಸಲಿಗೆ. ಅದೇ ಮಾತನ್ನು ಅಪರಿಚಿತರು ಬೇರೆ ರಾಗದಲ್ಲಿ ಅಂದರೆ ಅವಮಾನ. ಸರ್ಕಾರಿ ಬಸ್ಸುಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಕಂಡಕ್ಟರು, ಡ್ರೈವರುಗಳು ಸಾಕಷ್ಟು ಮಂದಿ. ಅವರ ಊರಿನ ಗಟ್ಟಿ ದನಿಯ ನೇರ ಮಾತು ಇಲ್ಲಿಯವರ ಕಿವಿಗೆ ಜಗಳದಂತೆ ಕೇಳುತ್ತದೆ. ಇಲ್ಲಿಯವರ ನಯದ 'ಎಂತದಾ' ಅವರಿಗೆ ತಿರಸ್ಕಾರದಂತೆ ಕೇಳಿದರೂ ಆಶ್ಚರ್ಯವಿಲ್ಲ. ಎರಡೂ ಕನ್ನಡವೇ. ಇಂತಹ ದೂರಿಗೆ ಶಿಕ್ಷೆಗಿಂತ ಅರ್ಧ ಗಂಟೆಯ ಮಾತುಕತೆ ಹೆಚ್ಚು ಉಪಯೋಗವಾದೀತು.

ಆದರೆ ಎಲ್ಲ ಏಕವಚನವೂ ಭಾಷೆಯ ತೊಡಕಲ್ಲ. ಒಂದೇ ಬಸ್ಸಿನಲ್ಲಿ ಪ್ಯಾಂಟು ತೊಟ್ಟವರಿಗೆ 'ಬನ್ನಿ ಸಾರ್', ಕಂಬಳಿ ಕೊಪ್ಪೆ ಹೊದ್ದವರಿಗೆ 'ಹಿಂದೆ ಹೋಗೋ' ಎಂದರೆ ಅಲ್ಲಿ ಇರುವುದು ಲೆಕ್ಕಾಚಾರ. ಆಳು ಯಾರು, ಒಡೆಯ ಯಾರು, ಜಾತಿ ಯಾವುದು ಎಂಬ ಹಳೆಯ ತೋಟದ ಲೆಕ್ಕ. ಅಸ್ಪೃಶ್ಯತೆಯ ಕಾರಣಕ್ಕೆ ಸಾರ್ವಜನಿಕ ವಾಹನದ ಬಳಕೆಗೆ ಅಡ್ಡಿ ಮಾಡುವುದು 1955ರ ಕಾಯ್ದೆಯಲ್ಲೇ ಅಪರಾಧ. ಅದು 'ಅಸಭ್ಯ ವರ್ತನೆ' ಎಂಬ ಶೀರ್ಷಿಕೆಯಡಿ ಎಚ್ಚರಿಕೆ ಪತ್ರ ಕೊಟ್ಟು ಮುಗಿಸುವ ವಿಷಯವಲ್ಲ.

ಅದೇ 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್ಗೊಮರಿ ನಗರದ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. ರೋಸಾ ಪಾರ್ಕ್ಸ್ ಸೀಟು ಬಿಟ್ಟುಕೊಡಲು ನಿರಾಕರಿಸಿ ಬಂಧಿತರಾದದ್ದು ಅದಕ್ಕೆ ಕಾರಣ. ಇದಕ್ಕೂ ಒಂದೂವರೆ ವರ್ಷ ಮೊದಲೇ, ಮೇ 1954ರಲ್ಲಿ, ಆ ಊರಿನ ಮಹಿಳಾ ಸಂಘಟನೆಯ ಪರವಾಗಿ ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ಮೇಯರಿಗೆ ಬಸ್ಸಿನ ಕಷ್ಟಗಳನ್ನು ಕುರಿತು ದೂರು ಪತ್ರ ಬರೆದಿದ್ದರು. ಅದು ಫಲಿಸಲಿಲ್ಲ. ಬಹಿಷ್ಕಾರ ಶುರುವಾದಾಗ ಜನ ಮುಂದಿಟ್ಟ ಬೇಡಿಕೆಗಳ ಪಟ್ಟಿಯಲ್ಲಿ ಮೊದಲನೆಯದು ಸೀಟಿನದಲ್ಲ, ಬಸ್ ಚಾಲಕರು ಮರ್ಯಾದೆಯಿಂದ ನಡೆದುಕೊಳ್ಳಬೇಕು ಎಂಬುದು. 381 ದಿನ ನಡೆದರು. ಕೇಳಿಸಿಕೊಳ್ಳದ ದೂರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಾರಿಗೆಯ ಚರಿತ್ರೆಯಲ್ಲಿ ಸಿಗಲಾರದು.

ಕಾಫಿ ಸೀಮೆಯೇ ಈ ಸಮಸ್ಯೆಗೆ ಒಂದು ವಿಚಿತ್ರ ಪ್ರಯೋಗ ಮಾಡಿ ನೋಡಿದೆ. ಕೊಪ್ಪದಲ್ಲಿ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿಯ ಕಾರ್ಮಿಕರು 1991ರಲ್ಲಿ ತಾವೇ ಸೇರಿ ಸಹಕಾರ ಸಾರಿಗೆ ಎಂಬ ಸಂಸ್ಥೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ಬೆರಳೆಣಿಕೆಯ ಬಸ್ಸುಗಳಿಂದ ಎಪ್ಪತ್ತರ ಆಸುಪಾಸಿಗೆ ಬೆಳೆದು ಮಲೆನಾಡಿನ ಹೆಮ್ಮೆ ಎನಿಸಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟಿತು, ದೂರದವರು ಬಂದು ಅಧ್ಯಯನ ಮಾಡಿದರು. ಅಲ್ಲಿ ಕಂಡಕ್ಟರರ ಮೇಲೆ ದೂರು ಕೊಟ್ಟರೆ ಮಾಲೀಕನ ಮೇಲೇ ಕೊಟ್ಟಂತೆ. ಕೇಳಲು ವಿಚಿತ್ರ, ಆದರೆ ಪ್ರಯಾಣಿಕ ಮುನಿಸಿಕೊಂಡು ಬೇರೆ ಬಸ್ಸು ಹತ್ತಿದರೆ ನಷ್ಟ ತನ್ನ ಜೇಬಿಗೇ ಎಂಬ ಅರಿವು ಕಂಡಕ್ಟರರಿಗೂ ಇರುತ್ತಿತ್ತು. ಡೀಸೆಲ್ ದರ, ಬಿಡಿಭಾಗ, ವಿಮೆ, ಕಡಿಮೆಯಾದ ಪ್ರಯಾಣಿಕರು ಎಂಬ ಲೆಕ್ಕ ಕೂಡದೆ 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. ನಿಲ್ಲಿಸಿದ್ದು ನಷ್ಟ, ಪ್ರಯಾಣಿಕರ ದೂರಲ್ಲ.

ಹಳೆಯ ದೂರು ಪುಸ್ತಕದ ಜಾಗಕ್ಕೆ ಈಗ ಬಸ್ಸಿನೊಳಗೆ ಬರೆದ ಫೋನ್ ಸಂಖ್ಯೆ ಬಂದಿದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ಗಾಳಿಗೆ ಹೋಗುತ್ತಿದ್ದ ಮಾತು ಈಗ ದಾಖಲೆಯಾಗುತ್ತದೆ. ಬೆಳಿಗ್ಗೆ ಹರಿದಾಡಿದ ವಿಡಿಯೊಗೆ ಸಂಜೆಯೊಳಗೆ ಅಮಾನತು ಆಗುವುದನ್ನೂ ನೋಡುತ್ತೇವೆ. ಇದು ಒಂದು ಸುತ್ತು ಬಂದು ಹಳೆಯ ಮಾಲೀಕನ ನ್ಯಾಯಕ್ಕೇ ಮುಟ್ಟಿದಂತಿದೆ. ಚುರುಕು ಇದೆ, ವಿಚಾರಣೆ ಆಮೇಲೆ. ವಿಡಿಯೊ ಶುರುವಾಗುವ ಮೊದಲು ಏನಾಯಿತು ಎಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ.

ದೂರು ಆಯುಧವೂ ಆಗಬಲ್ಲದು. ಫೆಬ್ರುವರಿ 2025ರಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಟಿಕೆಟ್ ವಿಷಯಕ್ಕೆ ಮರಾಠಿ-ಕನ್ನಡ ಮಾತು ಬೆಳೆದು ಕಂಡಕ್ಟರರೊಬ್ಬರ ಮೇಲೆ ಹಲ್ಲೆಯಾಯಿತು. ಅದರ ಬೆನ್ನಿಗೇ ಅವರ ಮೇಲೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರತಿದೂರು ದಾಖಲಾಯಿತು. ಕೆಲವು ದಿನಗಳ ನಂತರ ದೂರು ಹಿಂಪಡೆಯುವುದಾಗಿ ಆ ಕುಟುಂಬದವರೇ ಹೇಳಿದರು. ಅಷ್ಟರಲ್ಲಿ ಎರಡು ರಾಜ್ಯಗಳ ನಡುವಿನ ಬಸ್ಸು ಸಂಚಾರವೇ ನಿಂತುಹೋಗಿತ್ತು. ಆ ಕಾಯ್ದೆ ನಿಜವಾಗಿ ನೊಂದ ಮಕ್ಕಳಿಗೆ ಬೇಕೇ ಬೇಕು. ಜಗಳದ ಬಿಸಿಯಲ್ಲಿ ಅದು ಕೈಗೆತ್ತಿಕೊಳ್ಳುವ ಕಲ್ಲಾದರೆ ಮುಂದಿನ ಸಾಚಾ ದೂರಿಗೂ ಬೆಲೆ ಕುಸಿಯುತ್ತದೆ.

ಜೂನ್ 11, 2023ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂದ ಮೇಲೆ ಹೊಸ ಬಗೆಯ ದೂರೊಂದು ಸೇರಿದೆ: 'ಫ್ರೀ ಅಲ್ವಾ, ಸುಮ್ಮನೆ ನಿಂತ್ಕೊ'. ಕೈ ಬೀಸಿದರೂ ಹೆಂಗಸರೇ ಇದ್ದರೆ ಬಸ್ಸು ನಿಲ್ಲುವುದಿಲ್ಲ ಎಂಬ ಅಳಲೂ ಕೇಳಿಬರುತ್ತದೆ. ಇಲ್ಲೊಂದು ಕಾನೂನಿನ ಕುತೂಹಲವಿದೆ. 1986ರ ಗ್ರಾಹಕರ ರಕ್ಷಣಾ ಕಾಯ್ದೆ, ಅದರ ಬದಲಿಗೆ ಬಂದ 2019ರ ಕಾಯ್ದೆ, ಎರಡೂ ಉಚಿತ ಸೇವೆಯನ್ನು ಲೆಕ್ಕದಿಂದ ಹೊರಗಿಡುತ್ತವೆ. ಹಾಗಾದರೆ ಶೂನ್ಯ ಟಿಕೆಟ್ಟಿನ ಮಹಿಳೆ ಗ್ರಾಹಕಳಲ್ಲವೆ? 1995ರಲ್ಲಿ ಆಸ್ಪತ್ರೆಗಳನ್ನು ಕುರಿತ ಪ್ರಸಿದ್ಧ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಸೇವೆಯಲ್ಲಿ ಉಚಿತ ಪಡೆದವರೂ ಗ್ರಾಹಕರೇ ಎಂದಿದೆ. ಶಕ್ತಿಯ ಟಿಕೆಟ್ಟಿಗಂತೂ ಸರ್ಕಾರವೇ ನಿಗಮಗಳಿಗೆ ಹಣ ಕಟ್ಟಿಕೊಡಬೇಕು. ಆದ್ದರಿಂದ ಆಕೆಯೂ ಗ್ರಾಹಕಳೇ ಎಂದು ವಾದಿಸಲು ಧಾರಾಳ ಅವಕಾಶವಿದೆ. ಅಂದಹಾಗೆ ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಬರೆದುಕೊಟ್ಟು ಇಳಿಯುವಾಗ ಮರೆಸುವ ಹಳೆಯ ಜಗಳವನ್ನು ಮಾತ್ರ ಫೋನಿನ ಪಾವತಿ ಸಾಕಷ್ಟು ಕಡಿಮೆ ಮಾಡಿದೆ. ಘಾಟಿಯಲ್ಲಿ ಸಿಗ್ನಲ್ ಸಿಕ್ಕರೆ!

ಆ ಮಳೆಯ ದಿನ ಹತ್ತು ನಿಮಿಷ ಮುಗಿದು ಡ್ರೈವರು ಹಾರನ್ ಹೊಡೆದರು. ಜನ ಓಡೋಡಿ ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನಿಂತು ತಲೆ ಎಣಿಸಿ, ಒಂದು ಕಡಿಮೆ ಎಂದರು. ಹೋಟೆಲಿನ ಹಿಂದಿನಿಂದ ಒಬ್ಬ ಮುದುಕರು ಪಂಚೆ ಎತ್ತಿ ಹಿಡಿದುಕೊಂಡು ನಿಧಾನಕ್ಕೆ ಬರುತ್ತಿದ್ದರು. ಡ್ರೈವರು ಮತ್ತೆ ಹಾರನ್ ಹೊಡೆದಾಗ ಕಂಡಕ್ಟರು ಬಸ್ಸಿನ ಮೈಗೆ ಎರಡು ಸಲ ಬಡಿದು, "ಹೋಲ್ಡಾನ್, ಹೋಲ್ಡಾನ್, ಅಜ್ಜ ಬರ್ತಾ ಇದಾರೆ" ಎಂದು ಕೂಗಿದರು. ಮುದುಕರು ಹತ್ತಿದ ಮೇಲೆ ಬಸ್ಸು ಮಂಜಿನೊಳಗೆ ಘಾಟಿ ಇಳಿಯಿತು.